ಷಡ್ಡಕನ ಟಿ.ವಿ.ಗೆ ಅಳತೆ ತೆಗೆದದ್ದು

ನಮ್ಮ ಮಾಸ್ಟರಿಗೆ ಜನರ ಮುಖ ನೆನಪಿರುವುದಿಲ್ಲ, ಸೊಂಟ ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ಎದುರಾಗಿ ಚೆನ್ನಾಗಿದ್ದೀರಾ ಎಂದು ಕೇಳಿದರೆ ಮುಖ ನೋಡಿ ತಬ್ಬಿಬ್ಬಾಗುತ್ತಾರೆ. ಆಮೇಲೆ ಕಣ್ಣು ಮೆಲ್ಲಗೆ ಕೆಳಗಿಳಿದು ಬೆಲ್ಟಿನ ಹತ್ತಿರ ನಿಂತಾಗ ಗುರುತು ಹತ್ತುತ್ತದೆ. "ಓಹೋ, ಮೂವತ್ತಾರು," ಎನ್ನುತ್ತಾರೆ. "ಈಗ ಮೂವತ್ತೇಳೂವರೆ ಆಗಿದ್ದೀರಲ್ಲ." ಹೀಗೆ ಹೇಳಿಸಿಕೊಂಡವರು ಮೇಲೆ ನಗುತ್ತಾರೆ, ಒಳಗೆ ಬೈದುಕೊಳ್ಳುತ್ತಾರೆ, ಆದರೂ ಬಟ್ಟೆ ಹೊಲಿಸಲು ಇಲ್ಲಿಗೇ ಬರುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಕತ್ತರಿ ಗೆರೆ ಬಿಟ್ಟು ಹೋದದ್ದನ್ನು ನಾನು ಒಂದೇ ಸಲ ನೋಡಿದ್ದೆ. ಅದೂ ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು.

ಇಪ್ಪತ್ತೆರಡು ವರ್ಷ ಎಂದೆನಲ್ಲ, ಅಷ್ಟು ಕಾಲದಿಂದ ನಾನು ಅವರ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದೇನೆ. ಶರ್ಟಿನಲ್ಲಿ ಗುಂಡಿ ತೂರಿಸುವ ಸೀಳು ಇರುತ್ತದಲ್ಲ, ಅದರ ಸುತ್ತ ದಾರ ಕೂಡಿಸಿ ಹೊಲಿಯುವ ಕೆಲಸ. ಒಂದು ಶರ್ಟಿಗೆ ಏಳು ಕಾಜಾ. ಬಾಗಿಲ ಹತ್ತಿರ ಬೆಳಕು ಬೀಳುವಲ್ಲಿ ನನ್ನ ಸ್ಟೂಲು. ನನ್ನ ಹಿಂದೆ ಅವರ ಹೊಲಿಗೆ ಮಷಿನ್, ಅದರ ಹಿಂದೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿಯ ಮೂಟೆ. ಗಿರಾಕಿ ಬಂದರೆ ಅಳತೆ ಬರೆದುಕೊಳ್ಳುವುದೂ ನನ್ನದೇ ಕೆಲಸ. ಅವರು ಕುತ್ತಿಗೆಯಿಂದ ಟೇಪು ಎಳೆದು, ಗಿರಾಕಿಯ ಸುತ್ತ ಒಂದು ಸುತ್ತು ಬಂದು, "ಉಸಿರು ಹಿಡ್ಕೋಬೇಡಿ, ಆರಾಮಾಗಿ ನಿಂತ್ಕೊಳ್ಳಿ" ಎನ್ನುತ್ತಾರೆ. ಆಮೇಲೆ "ಲೂಸ್ ಇಡ್ಲಾ, ಬಿಗಿ ಇಡ್ಲಾ" ಎಂದು ಕೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗದೆಯೇ "ಬರ್ಕೋ" ಎನ್ನುತ್ತಾರೆ. ದಿನಕ್ಕೆ ಹತ್ತು ಸಲ ಇದೇ ಮೂರು ಮಾತು. ನಡುವೆ ಯಾರಾದರೂ ಬಾಯಿ ಹಾಕಿದರೆ ನಾಲ್ಕನೆಯದೊಂದು ಬರುತ್ತದೆ: "ತಡಿ, ಅಳತೆ ತಪ್ಪುತ್ತೆ."

ಇಂಥ ಮನುಷ್ಯನಿಗೆ ಒಂದು ಹೊಟ್ಟೆಕಿಚ್ಚು ಇತ್ತು. ಇತ್ತು ಏನು, ಇದೆ. ಅದರ ಹೆಸರು ಷಡ್ಡಕ.

ಮಾಸ್ಟರ ಹೆಂಡತಿಗೆ ಒಬ್ಬಳು ತಂಗಿ. ಆ ತಂಗಿಯ ಗಂಡನೇ ಈ ಷಡ್ಡಕ. ಮದುವೆಯಾದಾಗ ಅವನು ಮನೆ ಮನೆಗೆ ಹೋಗಿ ನಲ್ಲಿ ರಿಪೇರಿ ಮಾಡುತ್ತಿದ್ದ. ಮದುವೆಯ ಕೋಟು ಹೊಲಿದುಕೊಟ್ಟವರು ಇವರೇ. ಆಗ ಅವನ ಸೊಂಟ ಇಪ್ಪತ್ತೊಂಬತ್ತು, ನಾನೇ ಬರೆದುಕೊಂಡಿದ್ದೆ. ಆಮೇಲೆ ಅವನು ಪೈಪು ಮಾರಲು ಶುರು ಮಾಡಿದ, ಸೊಂಟ ಮೂವತ್ತೆರಡಾಯಿತು. ನೀರಿನ ಪಂಪಿನ ಏಜೆನ್ಸಿ ಹಿಡಿದ, ಮೂವತ್ತಾರು. ಸ್ವಂತ ಅಂಗಡಿ, ಮೇಲೆ ಮನೆ, ನಲವತ್ತು. ಅಳತೆ ಪುಸ್ತಕದಲ್ಲಿ ಅವನ ಪುಟ ತೆಗೆದರೆ ಸಾಕು, ಅವನ ಏಳಿಗೆ ಪೂರ್ತಿ ಗೊತ್ತಾಗುತ್ತದೆ. ನಮ್ಮ ಮಾಸ್ಟರ ಸೊಂಟ ಮದುವೆಯಾದಾಗ ಮೂವತ್ತು, ಈಗಲೂ ಮೂವತ್ತು.

ಅವನೇನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಮಾಸ್ಟರಿಗೆ ಎಷ್ಟೋ ನೆಮ್ಮದಿ ಇರುತ್ತಿತ್ತು. ಅಂಗಡಿಗೆ ಬಂದರೆ ನನಗೂ ಒಂದು ಟೀ ಹೇಳುತ್ತಾನೆ, ಅಣ್ಣ ಅಣ್ಣ ಎಂದು ಬಾಯಿ ತುಂಬ ಕರೆಯುತ್ತಾನೆ, ಹೊಲಿಗೆಯ ದುಡ್ಡನ್ನು ಕೇಳುವ ಮೊದಲೇ ಮೇಜಿನ ಮೇಲೆ ಇಡುತ್ತಾನೆ. ಅವನು ನಗುವಾಗ ನಮ್ಮ ಅಂಗಡಿಯ ಶಟರು ಅಲುಗಾಡುತ್ತದೆ. ಅವನು ಹೋದ ಮೇಲೆ ಮಾಸ್ಟರು ಸ್ವಲ್ಪ ಹೊತ್ತು ಇಸ್ತ್ರಿಯಾದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡುತ್ತಿರುತ್ತಾರೆ.

ಅವನು ಕಾರು ಕೊಂಡ ವಾರ ಮಾಸ್ಟರು ನಾನು ಮೊದಲೇ ಹೇಳಿದ ಆ ತಪ್ಪನ್ನು ಬೇಕೆಂದೇ ಮಾಡಿದರು. ಅವನ ಪ್ಯಾಂಟಿನ ಸೊಂಟವನ್ನು ಅರ್ಧ ಇಂಚು ಬಿಗಿ ಕತ್ತರಿಸಿದರು. ನಾನು ಗೆರೆ ನೋಡಿದೆ, ಅವರ ಮುಖ ನೋಡಿದೆ, ಬಾಯಿ ಮುಚ್ಚಿಕೊಂಡು ಕಾಜಾ ಹಾಕಿದೆ. ಎರಡು ದಿನ ಬಿಟ್ಟು ಷಡ್ಡಕ ಬಂದ. ಜಗಳ ಆಗುತ್ತದೆಂದು ನಾನು ಸೂಜಿ ಕೆಳಗಿಟ್ಟೆ. ಅವನು ಹೊಟ್ಟೆ ತಟ್ಟಿಕೊಂಡು, "ಅಣ್ಣ, ನಾನು ಮತ್ತೆ ಊದಿಕೊಂಡಿದೀನಿ ಕಣಣ್ಣ, ನಿಮ್ಮ ಹೊಲಿಗೇಲಿ ತಪ್ಪಿಲ್ಲ" ಎಂದು ಗಹಗಹಿಸಿ ನಕ್ಕ. ಮಾಸ್ಟರು ಹುಳ್ಳಹುಳ್ಳಗೆ ನಕ್ಕು ಬಿಚ್ಚಿ ಹೊಲಿದುಕೊಟ್ಟರು. ಆ ದಿನ ಅವರು ಮಧ್ಯಾಹ್ನದ ಊಟ ಬಿಟ್ಟರು.

ಕಾರಾದರೂ ಬೀದಿಯಲ್ಲಿ ನಿಲ್ಲುತ್ತದೆ. ಎಂಟು ತಿಂಗಳ ಹಿಂದೆ ಷಡ್ಡಕ ಒಂದು ದೊಡ್ಡ ಟಿ.ವಿ. ತಂದು ಗೋಡೆಗೆ ಹೊಡೆಸಿದ. ಆ ಟಿ.ವಿ. ಮಾಸ್ಟರ ಮನೆಯೊಳಗೇ ಕೈ ಹಾಕಿತು.

ಅಕ್ಕ, ಅಂದರೆ ಮಾಸ್ಟರ ಹೆಂಡತಿ, ಸಂಜೆ ಏಳಕ್ಕೆ ತಂಗಿಯ ಮನೆಗೆ ಹೊರಡಲು ಶುರು ಮಾಡಿದರು. ಎರಡೇ ಬೀದಿ ಆಚೆ. ಮಾಸ್ಟರ ಮನೆಯಲ್ಲೂ ಒಂದು ಟಿ.ವಿ. ಇತ್ತು, ಹಳೆಯ ದಪ್ಪ ಪೆಟ್ಟಿಗೆ. ಅದರಲ್ಲಿ ಎಲ್ಲರ ಮುಖವೂ ಕಾಮಾಲೆ ಬಂದವರ ಹಾಗೆ ಹಳದಿ ಕಾಣುತ್ತಿತ್ತು. ಅಕ್ಕ ಮೊದಲು ವಾರಕ್ಕೊಂದು ಸಲ ಹೋದರು, ಆಮೇಲೆ ದಿನಾ. ಮಾಸ್ಟರು ಅಂಗಡಿ ಮುಚ್ಚಿ, ಅಂಚು ಮಡಿಸುವ ಕೆಲಸವನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಹೋದರೆ ಮೇಜಿನ ಮೇಲೆ ತಟ್ಟೆ ಮುಚ್ಚಿಟ್ಟ ಊಟ. ಒಂಬತ್ತಕ್ಕೆ ಹೆಂಡತಿ ಬಂದು, ಕೈಕಾಲು ತೊಳೆದು, ಮಲಗುತ್ತಿದ್ದರು.

ಒಂದು ಸಂಜೆ ತಡೆಯಲಾರದೆ ಕರೆದುಕೊಂಡು ಬರೋಣವೆಂದು ಹೋಗಿದ್ದಾರೆ. ಮೆಟ್ಟಿಲು ಹತ್ತುತ್ತಿರುವಾಗ ಮೇಲಿನಿಂದ ಒಂದು ನಗು ಕೇಳಿಸಿತಂತೆ. ಯಾರೋ ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದ ಹಾಗೆ ನಗುತ್ತಿದ್ದರಂತೆ. ನಾದಿನಿ ಇರಬೇಕು ಅಂದುಕೊಂಡರಂತೆ. ಇನ್ನೆರಡು ಮೆಟ್ಟಿಲು ಹತ್ತಿದ ಮೇಲೆ ಅದು ತಮ್ಮ ಹೆಂಡತಿಯದೇ ಎಂದು ಗೊತ್ತಾಯಿತು. ಮಾಸ್ಟರು ಮೇಲೆ ಹೋಗಲಿಲ್ಲ. ಹಾಗೆಯೇ ಇಳಿದು ಮನೆಗೆ ಬಂದುಬಿಟ್ಟರು.

ಇದನ್ನು ಮರುದಿನ ನನಗೆ ಹೇಳಿದರು, ಮಷಿನ್ನಿಗೆ ಎಣ್ಣೆ ಬಿಡುತ್ತ. "ಅವಳು ಹಾಗೆ ನಗ್ತಾಳೆ ಅಂತಾನೇ ನನಗೆ ಗೊತ್ತಿರ್ಲಿಲ್ಲ ಕಣಮ್ಮ," ಎಂದರು. "ಇಪ್ಪತ್ತಾರು ವರ್ಷ ಆಯ್ತು ಮದುವೆಯಾಗಿ."

"ಟಿ.ವಿ.ಲಿ ಏನೋ ತಮಾಷೆ ಬಂದಿರುತ್ತೆ, ಬಿಡಿ ಮಾಸ್ಟ್ರೇ."

"ಅದೇ ತಮಾಷೆ ನಮ್ಮನೆ ಟಿ.ವಿ.ಲೂ ಬರುತ್ತೆ. ಅಲ್ಲಿ ಯಾಕೆ ನಗಲ್ಲ?"

ಎಣ್ಣೆ ಸುರಿದು ಸುರಿದು ಮಷಿನ್ನಿನ ಕೆಳಗೆಲ್ಲ ಜಿಡ್ಡಾಯಿತು. ಆಮೇಲೆ ತಾವೇ ಒಂದು ತೀರ್ಮಾನಕ್ಕೆ ಬಂದರು: "ದೊಡ್ಡದಾಗಿ ಕಂಡ್ರೆ ನಗು ಬರುತ್ತೆ. ನಾವೂ ದೊಡ್ಡದು ತರಬೇಕು. ಅವನದಕ್ಕಿಂತ ದೊಡ್ಡದು." ಆ ನಗು ತಮ್ಮ ಮನೆಯೊಳಗೆ ಕೇಳಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಇನ್ನು ಅವನದಕ್ಕಿಂತ ದೊಡ್ಡದು ಎಂಬ ಕೊನೆಯ ಮಾತು ಆ ಹಳೆಯ ಹೊಟ್ಟೆಕಿಚ್ಚಿನಿಂದ ಬಂದದ್ದು ಎಂದು ನನಗೆ ಅರ್ಥವಾಯಿತು.

ಇಲ್ಲಿ ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಒಂದು ಕಾಜಾ ಮಷಿನ್ ತರಬೇಕೆಂದು ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೆವು. ಅವರದೇ ದುಡ್ಡು, ನಿಜ. ಆದರೆ ನನ್ನ ಕಣ್ಣಿಗೆ ಪೊರೆ ಬರುತ್ತಿದೆ, ಹೆಬ್ಬೆರಳು ಮರದ ತುಂಡಾಗಿದೆ, ಆ ಮಷಿನ್ ಬಂದರೆ ಕಾಲಲ್ಲಿ ಒತ್ತಿದರೆ ಸಾಕು, ಕಾಜಾ ಬೀಳುತ್ತದೆ. ಅದರ ಕನಸನ್ನು ನಾನು ಅವರಿಗಿಂತ ಹೆಚ್ಚು ಕಂಡಿದ್ದೆ. ಈಗ ಆ ದುಡ್ಡು ಅಕ್ಕನ ನಗುವಿಗೆ ಹೋಗುತ್ತದೆ ಎಂದಾಗ ನನಗೆ ಅಕ್ಕನ ಮೇಲೆ ಹೊಟ್ಟೆ ಉರಿಯಿತು. ನನ್ನ ಗಂಡ ನಾನು ನಕ್ಕೆನೋ ಅತ್ತೆನೋ ಎಂದು ಒಂದು ದಿನ ತಿರುಗಿ ನೋಡಿದವನಲ್ಲ. ಸುಳ್ಳೇಕೆ ಹೇಳಲಿ, ಉರಿದದ್ದು ಮಷಿನ್ನಿಗಾಗಿ ಮಾತ್ರ ಅಲ್ಲ.

ಒಂದು ಮಧ್ಯಾಹ್ನ ಮಾಸ್ಟರು ಷಡ್ಡಕನ ಮನೆಗೆ ಪ್ಯಾಂಟು ಕೊಟ್ಟುಬರುತ್ತೇನೆಂದು ಹೋದರು. ಷಡ್ಡಕ ಅಂಗಡಿಯಲ್ಲಿರುವ ಹೊತ್ತು. ಅರ್ಧ ಗಂಟೆಯಲ್ಲಿ ವಾಪಸು ಬಂದರು, ಮೂಗಿನ ತುದಿಯಲ್ಲಿ ಬೆವರು. ನಾದಿನಿ ಟೀ ಮಾಡಲು ಒಳಗೆ ಹೋದಾಗ ಕುತ್ತಿಗೆಯಿಂದ ಟೇಪು ತೆಗೆದು ಗೋಡೆಯ ಮೇಲಿನ ಟಿ.ವಿ.ಗೆ ಅಳತೆ ತೆಗೆದುಕೊಂಡು ಬಂದಿದ್ದರು. "ಪುಸ್ತಕ ತೆಗಿ. ಅವನ ಪುಟ. ಬರ್ಕೋ. ಅಗಲ ನಲವತ್ತೆಂಟು, ಎತ್ತರ ಇಪ್ಪತ್ತೇಳು."

ನಾನು ಸೊಂಟದ ಕೆಳಗೆ, ಕಾಲುದ್ದದ ಮೇಲೆ, ಟಿ.ವಿ. ಎಂದು ಬರೆದು ಆ ಎರಡು ಅಂಕಿ ಹಾಕಿದೆ. "ಲೂಸ್ ಇಡ್ಬೇಕಾ, ಬಿಗಿ ಇಡ್ಬೇಕಾ," ಎಂದು ಕೇಳಿದೆ. ಅವರು ನಗಲಿಲ್ಲ.

ಟಿ.ವಿ. ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದರು. ಹೆಂಡತಿಗೆ ಗೊತ್ತಾಗಬಾರದು, ಚೌಕಾಸಿಗೆ ಒಬ್ಬರು ಬೇಕು. ನನ್ನ ಕಾಜಾ ಮಷಿನ್ನನ್ನು ನಾನೇ ಕೈಯಾರೆ ಮಣ್ಣು ಮಾಡಲು ಹೊರಟ ಹಾಗಿತ್ತು. ಆದರೂ ಹೋದೆ, ನೋಡುವ ಚಪಲ ಯಾರಿಗೆ ಇಲ್ಲ. ಆ ದಿನ ಅವರು ಮದುವೆ ಮನೆಗೆ ಹೋಗುವವರ ಹಾಗೆ ಶರ್ಟು ಇಸ್ತ್ರಿ ಮಾಡಿ ಹಾಕಿದ್ದರು. ದೊಡ್ಡ ಅಂಗಡಿ, ದರ್ಜಿ ಎಂದು ಗೊತ್ತಾದರೆ ಕಡಿಮೆ ಬೆಲೆಯದನ್ನೇ ತೋರಿಸುತ್ತಾರೆಂದು ಟೇಪನ್ನು ಮೇಜಿನ ಮೇಲೆ ಬಿಟ್ಟುಬಂದಿದ್ದರು. ಅವರ ಬೋಳು ಕುತ್ತಿಗೆಯನ್ನು ನಾನು ನೋಡಿದ್ದು ಅದೇ ಮೊದಲು.

ಅಂಗಡಿಯಲ್ಲಿ ಗೋಡೆ ತುಂಬ ಟಿ.ವಿ. ಎಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಮೀನು. ಕನ್ನಡಕ ಹಾಕಿದ ಸೇಲ್ಸ್‌ನವನೊಬ್ಬ ಬಂದು ಎಷ್ಟರಲ್ಲಿ ಬೇಕು ಎಂದು ಕೇಳಿದ. ಮಾಸ್ಟರು ಮೂವತ್ತು ಸಾವಿರದ ಒಳಗೆ ಎಂದರು. ಅವನು ನಮ್ಮನ್ನು ಮೆಲ್ಲಗೆ ಮುಂಬಾಗಿಲಿನಿಂದ ಹಿಂಬದಿಯ ಗೋಡೆಗೆ ನಡೆಸಿಕೊಂಡು ಹೋದ. ಅಲ್ಲಿ ಎರಡಿದ್ದವು. ಎಲ್ಲರೂ ಹೆಸರು ಕೇಳಿರುವ ಕಂಪನಿಯ ನಲವತ್ಮೂರು ಇಂಚಿನದು ಒಂದು. ಯಾರೂ ಹೆಸರು ಕೇಳಿರದ ಕಂಪನಿಯ ಐವತ್ತು ಇಂಚಿನದು ಇನ್ನೊಂದು. ಬೆಲೆ ಹೆಚ್ಚು ಕಡಿಮೆ ಒಂದೇ.

"ಪಿಕ್ಚರ್ ಕ್ವಾಲಿಟಿ ನೋಡಿದ್ರೆ ಸಾರ್, ಇದನ್ನೇ ತಗೊಳ್ಳಿ," ಎಂದು ಅವನು ಚಿಕ್ಕದನ್ನು ತೋರಿಸಿದ. ಅವನು ಪ್ರಾಮಾಣಿಕ, ನಾನು ಅದನ್ನು ಒಪ್ಪುತ್ತೇನೆ. ಚಾನೆಲ್ಲು ಬದಲಾಯಿಸಿ ವಾರ್ತೆ ಹಾಕಿದ. ಚಿಕ್ಕದರಲ್ಲಿ ವಾರ್ತೆ ಓದುವವನ ಕೋಟಿನ ನೇಯ್ಗೆ ಕಾಣುತ್ತಿತ್ತು. ಮಾಸ್ಟರು ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಕಾಲರ್ ಕೆಳಗೆ ಕ್ಯಾನ್ವಾಸ್ ಸರಿಯಾಗಿ ಕೂತಿಲ್ಲ, ನೋಡು," ಎಂದು ಕಾಲರಿನೊಳಗೆ ಕೊಡುವ ಆ ಗಟ್ಟಿ ಬಟ್ಟೆಯ ಸುಕ್ಕನ್ನು ನನಗೆ ತೋರಿಸಿದರು. ಐವತ್ತರಲ್ಲಿ ಅದೇ ಕೋಟು ಬರೀ ಒಂದು ಕಪ್ಪು ತೇಪೆ. ಕೆಂಪು ಬಣ್ಣವಂತೂ ಹತ್ತು ಸಲ ಒಗೆದ ಹಾಗಿತ್ತು.

"ಮಾಸ್ಟ್ರೇ, ಚಿಕ್ಕದೇ ಚೆನ್ನಾಗಿದೆ," ಎಂದೆ. "ಇಷ್ಟು ಸ್ಪಷ್ಟ ಕಂಡ್ರೆ ಅಕ್ಕಂಗೆ ಖುಷಿ ಆಗುತ್ತೆ."

ಅವರಿಗೂ ಗೊತ್ತಿತ್ತು. ಬಟ್ಟೆ ಮುಟ್ಟಿ ನೂಲು ಹೇಳುವ ಮನುಷ್ಯನಿಗೆ ಬಣ್ಣ ತಿಳಿಯುವುದಿಲ್ಲವೇ. ಅವರ ಕಣ್ಣು ಚಿಕ್ಕದರ ಮೇಲೆ ಇತ್ತು. ಬಾಯಿ ಮಾತ್ರ, "ಇದು ಐವತ್ತು ಅಲ್ವಾ?" ಎಂದು ಇನ್ನೊಂದನ್ನು ಕೇಳಿತು.

"ಐವತ್ತು, ಸಾರ್."

"ಗ್ಯಾರಂಟಿ ಐವತ್ತಾ?"

"ಡಬ್ಬದ ಮೇಲೇ ಬರೆದಿದೆ ಸಾರ್."

"ನಲವತ್ತೆಂಟಕ್ಕಿಂತ ಎರಡು ಇಂಚು ಜಾಸ್ತಿ," ಎಂದು ಮಾಸ್ಟರು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಸೇಲ್ಸ್‌ನವನು ಆ ನಲವತ್ತೆಂಟರ ಲೆಕ್ಕ ಕೇಳಿಸಿಕೊಂಡಿದ್ದರೆ ಏನಾದರೂ ಹೇಳುತ್ತಿದ್ದನೇನೋ. ಗಿರಾಕಿ ತಂದ ಮೂರು ಮೀಟರ್ ಬಟ್ಟೆಯನ್ನು ಅವನೆದುರೇ ಮತ್ತೆ ಅಳೆದು ನೋಡುವ ಮನುಷ್ಯ ಇವರು. ಅಂಥವರು ಅಂದು ಡಬ್ಬದ ಮೇಲಿನ ಅಂಕಿಯನ್ನು ನಂಬಿದರು. ನಾನು ಮನಸ್ಸು ಕಲ್ಲು ಮಾಡಿಕೊಂಡು ಚೌಕಾಸಿ ಮಾಡಿ, ಗೋಡೆಗೆ ಹೊಡೆಯುವ ಕೂಲಿಯನ್ನು ಬಿಡಿಸಿಕೊಂಡೆ.

ಟಿ.ವಿ. ಮನೆಗೆ ಬಂತು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, "ಇದೇನ್ರೀ ಇದು," ಎಂದರಂತೆ. ಮೂರು ಸಂಜೆ ತಂಗಿಯ ಮನೆಗೆ ಹೋಗಲಿಲ್ಲ. ಮಾಸ್ಟರು ಆ ಮೂರು ದಿನ ಅಂಗಡಿಯಲ್ಲಿ ಶಿಳ್ಳೆ ಹಾಕುತ್ತ ಮಷಿನ್ ತುಳಿದರು.

"ನಕ್ಕರಾ?" ಎಂದು ನಾನು ದಿನಾ ಕೇಳುತ್ತಿದ್ದೆ.

"ನಗ್ತಾಳೆ ತಾಳು. ಈಗಿನ್ನೂ ಅಭ್ಯಾಸ ಆಗ್ಬೇಕು. ನಾನು ಅಂಚು ಮಡಿಸ್ತಾ ಕೂತಿರ್ತೀನಿ, ಅವಳು ನೋಡ್ತಾಳೆ. ಮಾತಾಡೋಕೆ ಬರ್ತಾಳೆ ನಡುವೆ. ಅಳತೆ ತಪ್ಪುತ್ತೆ ತಡಿ ಅಂದ್ರೆ ಸುಮ್ಮನಾಗ್ತಾಳೆ."

ಐದನೆಯ ದಿನ ಬೆಳಿಗ್ಗೆ ಅವರು ಬಂದಾಗ ಶಿಳ್ಳೆ ಇರಲಿಲ್ಲ. ಮುಖ ಕಪ್ಪಿಟ್ಟಿತ್ತು. ಹಿಂದಿನ ಸಂಜೆ ಅಕ್ಕ ಮಾತಿನ ನಡುವೆ, "ಅಲ್ಲಿ ಮುಖಗಳು ಇನ್ನೂ ಸ್ವಲ್ಪ ದೊಡ್ಡದಾಗಿ ಕಾಣ್ತವೆ, ಅಲ್ವಾ," ಎಂದಿದ್ದರು. ಇದು ಎರಡಿಂಚು ದೊಡ್ಡದು ಎಂದು ಮಾಸ್ಟರು ವಾದ ಮಾಡಿದರು. ಅಕ್ಕ ಚಪ್ಪಲಿ ಮೆಟ್ಟಿಕೊಂಡು ತಂಗಿಯ ಮನೆಗೆ ಹೋದ ಮೇಲೆ ಟೇಪು ಹಿಡಿದು ನೋಡಿದರು. ಅಗಲ ನಲವತ್ಮೂರೂವರೆ. ಮೂರು ಸಲ ಹಿಡಿದರಂತೆ, ಮೂರು ಸಲವೂ ಅಷ್ಟೇ.

"ಆರೂವರೆ ಇಂಚು ಕದ್ದಿದಾರೆ," ಎಂದರು. "ಒಬ್ಬನ ಪ್ಯಾಂಟಲ್ಲಿ ನಾನು ಆರೂವರೆ ಇಂಚು ಕದ್ರೆ ಅವನು ಬೀದೀಲಿ ನಡೀತಾನಾ?"

ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೋದೆವು. ಈ ಸಲ ಟೇಪು ಕುತ್ತಿಗೆಯಲ್ಲೇ ಇತ್ತು. ಮಾಸ್ಟರು ಒಳಗೆ ಕಾಲಿಟ್ಟವರೇ ಜೋರು ದನಿ ತೆಗೆದರು. ಟಿ.ವಿ. ನೋಡುತ್ತಿದ್ದ ನಾಲ್ಕು ಜನ ನಮ್ಮನ್ನು ನೋಡಲು ತಿರುಗಿದರು. ಕನ್ನಡಕದವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಟೇಪ್ ಕೊಡ್ತೀರಾ ಸಾರ್," ಎಂದು ಅವರ ಕುತ್ತಿಗೆಯಿಂದಲೇ ತೆಗೆದುಕೊಂಡ. ಒಂದು ತುದಿಯನ್ನು ಅಂಗಡಿಯಲ್ಲಿದ್ದ ಅಂಥದೇ ಟಿ.ವಿ.ಯ ಕೆಳಗಿನ ಎಡ ಮೂಲೆಗೆ ಹಿಡಿಯಲು ನನಗೆ ಕೊಟ್ಟ. ಇನ್ನೊಂದನ್ನು ಓರೆಯಾಗಿ ಮೇಲಿನ ಬಲ ಮೂಲೆಗೆ ಎಳೆದ. ಸರಿಯಾಗಿ ಐವತ್ತು.

"ಟಿ.ವಿ. ಅಳತೆ ಮೂಲೆಯಿಂದ ಮೂಲೆಗೆ ಸಾರ್. ಎಲ್ಲಾ ಕಂಪನೀದೂ ಹಾಗೇನೇ."

ಮಾಸ್ಟರು ಟೇಪು ಸುತ್ತಿಕೊಂಡು ಹೊರಗೆ ನಡೆದರು. ಬಟ್ಟೆಯನ್ನು ಓರೆಯಲ್ಲಿ ಕತ್ತರಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತ ನಾಲ್ಕು ಬೀದಿಯಲ್ಲಿ ಇಲ್ಲ. ಆದರೆ ಮನುಷ್ಯರ ಮೈಗೆ ಯಾರೂ ಓರೆಯಾಗಿ ಅಳತೆ ತೆಗೆಯುವುದಿಲ್ಲವಲ್ಲ, ಅವರಿಗೆ ಹೇಗೆ ಹೊಳೆಯಬೇಕು. ಅಂಗಡಿಗೆ ಬಂದವರೇ ಸೀಮೆಸುಣ್ಣ ತೆಗೆದುಕೊಂಡು ಕತ್ತರಿಸುವ ಮೇಜಿನ ಮೇಲೆ ನಲವತ್ತೆಂಟು ಅಗಲ, ಇಪ್ಪತ್ತೇಳು ಎತ್ತರದ ಒಂದು ಚೌಕಟ್ಟು ಹಾಕಿದರು. ಮೂಲೆಯಿಂದ ಮೂಲೆಗೆ ಟೇಪು ಎಳೆದರು. ಐವತ್ತೈದು. ಷಡ್ಡಕನದು ಐವತ್ತೈದು ಇಂಚಿನ ಟಿ.ವಿ.

ನನಗೆ ನಗು ಒತ್ತರಿಸಿಕೊಂಡು ಬಂತು, ದಾರ ಕಚ್ಚಿ ತಡೆದುಕೊಂಡೆ. ಆಮೇಲೆ ಅವರ ಕೈ ನೋಡಿದೆ. ಎಳೆದ ಗೆರೆಯ ಮೇಲೇ ಸೀಮೆಸುಣ್ಣದಲ್ಲಿ ಮತ್ತೆ ಮತ್ತೆ ಎಳೆಯುತ್ತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು.

"ಭಾನುವಾರ ಅವರೆಲ್ಲ ಟಿ.ವಿ. ನೋಡೋಕೆ ಬರ್ತಾರೆ," ಎಂದರು ಮಾಸ್ಟರು. "ಅವಳೇ ಕರೆದಿದಾಳೆ. ಅವನು ಒಂದು ಸಲ ನೋಡಿದ್ರೆ ಸಾಕು, ಗೊತ್ತಾಗುತ್ತೆ. ನಕ್ಕು, ಚೆನ್ನಾಗಿದೆ ಕಣಣ್ಣ ಅಂತಾನೆ. ಆಮೇಲೆ ಅವಳು ಅವರ ಜೊತೇಲೇ ಎದ್ದು ಹೋಗ್ತಾಳೆ."

"ನೀವು ಹೋಗ್ಬೇಡ ಅನ್ನಿ."

"ಏನಂತ ಹೇಳ್ಲಿ? ನನ್ನ ಹತ್ರ ಏನಿದೆ ಅಂತ ಹೇಳ್ಲಿ?"

ಭಾನುವಾರ ನನ್ನನ್ನೂ ಕರೆದಿದ್ದರು. ನಾನು ಹೋದಾಗ ಮಾಸ್ಟರು ಕುರ್ಚಿಗಳನ್ನು ಜೋಡಿಸುತ್ತಿದ್ದರು. ಷಡ್ಡಕನ ಕುರ್ಚಿ ಟಿ.ವಿ.ಯಿಂದ ಎರಡೇ ಅಡಿ ದೂರದಲ್ಲಿತ್ತು. ಹತ್ತಿರದಿಂದ ದೊಡ್ಡದಾಗಿ ಕಾಣಲಿ ಎಂಬ ಉಪಾಯ. ಅವನು ಬಂದು, ಕೈಯಲ್ಲಿದ್ದ ಪ್ಯಾಂಟ್ ಬಟ್ಟೆಯ ಕಟ್ಟನ್ನು ಮಾಸ್ಟರ ಕೈಗೆ ಕೊಟ್ಟು, ಆ ಕುರ್ಚಿಯಲ್ಲಿ ಕುಳಿತು ಹಿಂದಕ್ಕೆ ವಾಲಿದ. ಆದರೂ ಅವನ ಮೊಣಕಾಲು ಗೋಡೆಗೆ ಮುಟ್ಟುವುದರಲ್ಲಿತ್ತು. "ಕಣ್ಣೊಳಗೇ ಬರ್ತಾ ಇದೆ ಅಣ್ಣ," ಎಂದ. ಅವನ ಹೆಂಡತಿ, ಮಾಸ್ಟರ ನಾದಿನಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ ಟೀ ಲೋಟಗಳನ್ನು ಹಂಚಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಎಷ್ಟು ಇಂಚಣ್ಣ ಇದು?" ಎಂದು ಷಡ್ಡಕ ಕೇಳಿದ.

ಮಾಸ್ಟರು ಬಟ್ಟೆಯ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಸುಳ್ಳು ಅಳತೆ ಹೇಳಿ ಅವರಿಗೆ ಅಭ್ಯಾಸವಿಲ್ಲ. ನಿಜ ಹೇಳಲು ಮನಸ್ಸು ಒಪ್ಪಲಿಲ್ಲ. ನಾನು ನೆಲ ನೋಡಿದೆ.

"ತಾಳಿ, ನೋಡೇಬಿಡೋಣ," ಎಂದರು ಅಕ್ಕ. ನೇರ ಬಂದು ಗಂಡನ ಕುತ್ತಿಗೆಯಿಂದ ಟೇಪು ಎಳೆದು ತಮ್ಮ ಕುತ್ತಿಗೆಗೆ ಹಾಕಿಕೊಂಡರು. ಹೆಗಲು ಸ್ವಲ್ಪ ಮುಂದಕ್ಕೆ ಬಗ್ಗಿಸಿದರು, ಹುಬ್ಬು ಗಂಟಿಕ್ಕಿದರು, ತುಟಿಯಲ್ಲಿ ಗುಂಡುಸೂಜಿ ಕಚ್ಚಿದವರ ಹಾಗೆ ಬಾಯಿ ಓರೆ ಮಾಡಿದರು. ನಮ್ಮ ಕಣ್ಣ ಮುಂದೆಯೇ ಅವರು ಮಾಸ್ಟರಾಗಿಬಿಟ್ಟರು. ಟಿ.ವಿ.ಯನ್ನು ಮೇಲಿನಿಂದ ಕೆಳಗೆ ನೋಡಿ, "ಓಹೋ, ನಲವತ್ತೆಂಟು," ಎಂದರು. "ಉಸಿರು ಹಿಡ್ಕೋಬೇಡಿ ಸಾರ್. ಆರಾಮಾಗಿ ನಿಂತ್ಕೊಳ್ಳಿ. ಕೈ ಸ್ವಲ್ಪ ಎತ್ತಿ." ಅಡುಗೆಮನೆಯ ಕಡೆ ಒಂದು ಕಳ್ಳನೋಟ ಬೀರಿ, ಟೇಪನ್ನು ಸರ್ರನೆ ಎಳೆದು ಗೋಡೆಗೆ ಹಿಡಿದು, ಬೆವರು ಒರೆಸಿಕೊಂಡು, ಬೆನ್ನ ಹಿಂದೆ ಅಡಗಿಸಿದರು. ಆಗ ಗೊತ್ತಾಯಿತು, ಅಂದು ನಾದಿನಿ ಅಡುಗೆಮನೆಯ ಬಾಗಿಲಿನಿಂದ ಎಲ್ಲವನ್ನೂ ನೋಡಿದ್ದಳು.

ಷಡ್ಡಕ ಕುರ್ಚಿಯಿಂದ ಜಾರಿದ. ನಾದಿನಿ ಗೋಡೆ ಹಿಡಿದುಕೊಂಡಳು. "ಅದು ಮಾಡಕ್ಕ, ಅದು ಮಾಡು," ಎಂದು ಉಸಿರು ಸಿಗದೆ ಕೂಗಿದಳು.

ಅಕ್ಕ ಸ್ಟೂಲಿನ ಮೇಲೆ ಕುಳಿತು ಅಂಚು ಮಡಿಸುವ ಹಾಗೆ ಕೈ ಆಡಿಸತೊಡಗಿದರು. ಆಮೇಲೆ ದನಿ ಬದಲಾಯಿಸಿ ತಾವೇ ಹೆಂಡತಿಯಾಗಿ, "ರೀ, ಇವತ್ತು ಏನಾಯ್ತು ಗೊತ್ತಾ," ಎಂದರು. ಕೂಡಲೇ ಮಾಸ್ಟರಾಗಿ, ತಲೆ ಎತ್ತದೆ, "ತಡಿ, ಅಳತೆ ತಪ್ಪುತ್ತೆ." ಮತ್ತೆ ಹೆಂಡತಿ: "ರೀ, ಪಕ್ಕದ ಮನೆಗೆ ಬೆಂಕಿ ಬಿದ್ದಿದೆ." ಮತ್ತೆ ಮಾಸ್ಟರು: "ಎಷ್ಟು ಇಂಚು? ಬರ್ಕೋ." ಇಷ್ಟು ಹೇಳುವಷ್ಟರಲ್ಲಿ ಅವರಿಗೇ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ನಕ್ಕೆ, ಬೇಡಬೇಡವೆಂದರೂ ನಕ್ಕೆ. ಟಿ.ವಿ. ತನ್ನ ಪಾಡಿಗೆ ತಾನು ಏನೋ ಹೇಳುತ್ತಿತ್ತು, ಯಾರೂ ಅದರ ಕಡೆ ನೋಡಲಿಲ್ಲ.

ಮಾಸ್ಟರು ಒಬ್ಬರೇ ನಗಲಿಲ್ಲ. ಅವರು ಹೆಂಡತಿಯನ್ನು ನೋಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಕೇಳಿದ್ದ ನಗು ಇದೇ ಎಂದು ಅವರಿಗೆ ಗೊತ್ತಾಯಿತು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಅಲ್ಲಿ ಯಾರೂ ಟಿ.ವಿ. ನೋಡಿ ನಗುತ್ತಿರಲಿಲ್ಲ. ಅಕ್ಕ ದಿನಾ ಹೋಗಿ ಇವರನ್ನು ಆಡಿ ತೋರಿಸುತ್ತಿದ್ದರು. ಮನೆಯಲ್ಲಿ ಆಡಲಾಗದೆ ಉಳಿದ ಮಾತನ್ನೆಲ್ಲ ಅಲ್ಲಿ ಆಡಿ ಬರುತ್ತಿದ್ದರು. ನಕ್ಕು ಸುಸ್ತಾದ ಅಕ್ಕ ಟೇಪನ್ನು ತಂದು ಗಂಡನ ಕುತ್ತಿಗೆಗೆ ಹಾಕಿ, ಎರಡೂ ತುದಿ ಸಮ ಮಾಡಿ, "ಬೇಜಾರಾಯ್ತೇನ್ರೀ," ಎಂದು ಕೇಳಿದರು. ಮಾಸ್ಟರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಆಮೇಲೆ, "ಇನ್ನೊಂದ್ಸಲ ಮಾಡು," ಎಂದರು.

ಸೋಮವಾರ ಅವರು ಎಂದಿಗಿಂತ ಬೇಗ ಬಂದು ಷಡ್ಡಕನ ಬಟ್ಟೆಯ ಕಟ್ಟನ್ನು ಮೇಜಿನ ಮೇಲೆ ಬಿಚ್ಚಿದ್ದರು. ನಾನು ಸೂಜಿಗೆ ದಾರ ಪೋಣಿಸುತ್ತ, ಅಕ್ಕ ಇನ್ನು ಸಂಜೆ ಮನೆಯಲ್ಲಿರುತ್ತಾರಾ ಎಂದು ಕೇಳಿದೆ.

"ಇರ್ತಾಳಂತೆ. ಬೇಕಾದ್ರೆ ಅವರೇ ಇಲ್ಲಿಗೆ ಬರ್ಲಿ ಅಂತಾಳೆ. ನಾನು ಎದುರಿಗಿದ್ರೆ ಇನ್ನೂ ಚೆನ್ನಾಗಿ ಬರುತ್ತಂತೆ."

"ಮತ್ತಿನ್ನೇನು ಮಾಸ್ಟ್ರೇ. ನಿಮಗೆ ಬೇಕಾದ್ದು ಸಿಕ್ತಲ್ಲ."

ಅವರು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಸೀಮೆಸುಣ್ಣ ಅರ್ಧದಲ್ಲೇ ನಿಂತಿತು.

"ಎಂಟು ತಿಂಗಳಮ್ಮ," ಎಂದರು. "ಅವಳು ಅಷ್ಟು ಚೆನ್ನಾಗಿ ಮಾಡ್ತಾಳೆ, ಅಷ್ಟು ಚೆನ್ನಾಗಿ ನಗ್ತಾಳೆ. ಎಂಟು ತಿಂಗಳಿಂದ ಅವನು ದಿನಾ ನೋಡ್ತಿದ್ದ. ನನ್ನ ಹೆಂಡ್ತೀನ. ನಾನು ನೋಡಿದ್ದು ನಿನ್ನೆ ಒಂದು ದಿನ."

ಏನು ಹೇಳಿದರೂ ಅದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಪುಸ್ತಕ ತೆಗೆದು ಷಡ್ಡಕನ ಪುಟ ಬಿಡಿಸಿದೆ. ಟಿ.ವಿ.ಯ ಸಾಲನ್ನು ಹೊಡೆದುಹಾಕಲೇ ಎಂದು ಕೇಳಿದೆ. ಇರಲಿ ಎಂದರು. ಅವನ ಸೊಂಟ ಈಗ ನಲವತ್ತೆರಡು, ನಿನ್ನೆ ಕುರ್ಚಿಯಲ್ಲಿ ಕುಳಿತಾಗಲೇ ಅವರ ಕಣ್ಣು ಅದನ್ನು ಅಳೆದಿತ್ತು. ಮಾಸ್ಟರು ಕತ್ತರಿ ಕೈಗೆತ್ತಿಕೊಂಡು, ನನ್ನ ಕಡೆ ತಿರುಗದೆ ಹೇಳಿದರು:

"ಬರ್ಕೋ. ಸೊಂಟ ನಲವತ್ತೊಂದೂವರೆ."

ನಾನು ಬರೆದುಕೊಂಡೆ.